ಪಾಲಾದ ಮನೆ, ಕೂಡುಬಾವಿ

ಸ್ವಾತಂತ್ರ್ಯವೆಂದರೆ ಹೊಸ ಬಾವುಟ, ಹೊಸ ರಾಷ್ಟ್ರಗೀತೆ, ಹೊಸ ಗಡಿಗಲ್ಲು ಇಷ್ಟೇ ಅಲ್ಲ. ದೇಶ ಬೇರೆಯಾದ ಮರುದಿನವೂ ಜನರು ಅಕ್ಕಿ ಕೊಳ್ಳಬೇಕು, ಬಾಡಿಗೆ ಕೊಡಬೇಕು, ಸಾಲ ತೀರಿಸಬೇಕು, ತಿಂಗಳ ಕೊನೆಗೆ ಪಗಾರ ಎಣಿಸಿಕೊಳ್ಳಬೇಕು. ಇದೆಲ್ಲ ಯಾವ ನಾಣ್ಯದಲ್ಲಿ ನಡೆಯಬೇಕು? ಹಳೆಯ ಮನೆಯ ರೂಪಾಯಿ ಹೊಸ ಮನೆಯಲ್ಲೂ ಚಲಾವಣೆಯಲ್ಲಿರಬೇಕೋ ಬೇಡವೋ?

2014ರ ಸೆಪ್ಟೆಂಬರ್ 18ರಂದು ಸ್ಕಾಟ್ಲೆಂಡಿನ ಜನರು ಬ್ರಿಟನ್ನಿನಿಂದ ಬೇರೆಯಾಗಬೇಕೇ ಎಂದು ಮತ ನೀಡಿದಾಗ ಎದ್ದ ದೊಡ್ಡ ಪ್ರಶ್ನೆಗಳಲ್ಲಿ ಇದೂ ಒಂದು. ಬೇರೆಯಾದರೂ ಪೌಂಡನ್ನು ಕೂಡಿಯೇ ಬಳಸೋಣವೆಂದು ಅಲ್ಲಿಯ ಸ್ವಾತಂತ್ರ್ಯವಾದಿಗಳು ಹೇಳಿದರು. ಅದು ಆಗದ ಮಾತೆಂದು ಲಂಡನ್ನಿನ ಮಂತ್ರಿಗಳು ಉತ್ತರವಿತ್ತರು. ಕೊನೆಗೆ ಶೇಕಡಾ 55ರಷ್ಟು ಜನ ಕೂಡಿರುವುದೇ ಲೇಸೆಂದರು. ಆ ತೀರ್ಪು ಅವರದು; ಅದನ್ನು ಅಳೆಯುವ ಕೆಲಸ ನಮ್ಮದಲ್ಲ. ಆದರೆ ಆ ಪ್ರಶ್ನೆಗೆ ನಮ್ಮ ಮುಂಬಯಿಯೇ ಹಿಂದೊಮ್ಮೆ ಪ್ರಯೋಗಶಾಲೆಯಾಗಿತ್ತು ಎಂಬುದನ್ನು ನಮ್ಮವರಲ್ಲಿ ಎಷ್ಟು ಮಂದಿ ಬಲ್ಲರು?

1947ರ ಆಗಸ್ಟಿನಲ್ಲಿ ಭಾರತ, ಪಾಕಿಸ್ತಾನಗಳು ಎರಡು ರಾಷ್ಟ್ರಗಳಾದವು. ಸೈನ್ಯ ಹಂಚಿಹೋಯಿತು, ರೈಲು ಹಂಚಿಹೋಯಿತು, ಕಚೇರಿಯ ಮೇಜು ಕುರ್ಚಿಗಳೂ ಹಂಚಿಹೋದವು. ಆದರೆ ರೂಪಾಯಿ ಕೂಡಲೇ ಹಂಚಿಹೋಗಲಿಲ್ಲ. ಮುಂಬಯಿಯಲ್ಲಿ ಕೇಂದ್ರ ಕಚೇರಿಯಿದ್ದ ರಿಸರ್ವ್ ಬ್ಯಾಂಕೇ ಎರಡು ದೇಶಗಳಿಗೂ ನೋಟು ಹೊರಡಿಸುವ ಬ್ಯಾಂಕಾಗಿ ಉಳಿಯಿತು. ಚಿಂತಾಮಣರಾವ್ ದೇಶಮುಖರು ಅದರ ಗವರ್ನರರು. 1948ರ ಸೆಪ್ಟೆಂಬರ್ ಮುಗಿಯುವವರೆಗೆ ಈ ಏರ್ಪಾಡು ನಡೆಯಬೇಕೆಂದು ಒಪ್ಪಂದವಾಗಿತ್ತು. ನಾಸಿಕದಲ್ಲಿ ಅಚ್ಚಾದ ನೋಟುಗಳ ಮೇಲೆ ‘ಪಾಕಿಸ್ತಾನ ಸರಕಾರ’ ಎಂದು ಇಂಗ್ಲಿಷಿನಲ್ಲೂ ಉರ್ದುವಿನಲ್ಲೂ ಮೇಲಚ್ಚು ಹಾಕಿ 1948ರಲ್ಲಿ ಅತ್ತ ಕಳುಹಿಸಲಾಯಿತು. ಒಬ್ಬರ ಅಚ್ಚುಮನೆ, ಇನ್ನೊಬ್ಬರ ಹೆಸರು!

ಊರಿನಲ್ಲಿ ಅಣ್ಣತಮ್ಮಂದಿರು ಪಾಲಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಗದ್ದೆಯನ್ನು ಹಂಚಬಹುದು, ಪಾತ್ರೆಪಡಗವನ್ನು ಹಂಚಬಹುದು. ಬಾವಿಯನ್ನು ಸೀಳಲು ಬರುವುದಿಲ್ಲ. ಆದುದರಿಂದ ಪಾಲುಪತ್ರದಲ್ಲಿ ಬಾವಿ ಕೂಡು ಎಂದು ಬರೆಸುತ್ತಾರೆ. ಆದರೆ ಹೂಳೆತ್ತಿಸುವ ಖರ್ಚು ಯಾರದು, ಬೇಸಗೆಯಲ್ಲಿ ಯಾರಿಗೆಷ್ಟು ಕೊಡ ನೀರು ಎಂಬುದನ್ನು ಬರೆಸದೆ ಬಿಟ್ಟರೆ ಮೊದಲ ಬರಗಾಲಕ್ಕೇ ಜಗಳ ಹತ್ತುತ್ತದೆ. ಇಲ್ಲಿ ಆದದ್ದೂ ಅದೇ.

ಒಟ್ಟು ಬೊಕ್ಕಸದಲ್ಲಿ ಪಾಕಿಸ್ತಾನಕ್ಕೆ 75 ಕೋಟಿ ರೂಪಾಯಿ ಸಲ್ಲಬೇಕೆಂದು ನಿಷ್ಕರ್ಷೆಯಾಗಿತ್ತು. 20 ಕೋಟಿ ಮೊದಲೇ ಸಂದಿತ್ತು. ಉಳಿದ 55 ಕೋಟಿಯನ್ನು ಕಾಶ್ಮೀರದ ಯುದ್ಧದ ಕಾರಣದಿಂದ ದಿಲ್ಲಿ ಸರಕಾರ ತಡೆಹಿಡಿಯಿತು. ಕರಾಚಿ ಸರಕಾರ ರಿಸರ್ವ್ ಬ್ಯಾಂಕಿನಿಂದ ಮುಂಗಡ ಕೇಳಿತು, ಬ್ಯಾಂಕು ಒಪ್ಪಲಿಲ್ಲ. ಗಾಂಧೀಜಿ ದಿಲ್ಲಿಯಲ್ಲಿ ಉಪವಾಸ ಕುಳಿತಿದ್ದ ದಿನಗಳಲ್ಲಿ, 1948ರ ಜನವರಿ 15ರಂದು, ಹಣ ಕೊಡುವ ತೀರ್ಮಾನವಾಯಿತು. ಹಣವೇನೋ ಸಂದಿತು, ಆದರೆ ನಂಬಿಕೆ ಹೋಗಿತ್ತು. ಕೂಡುಬಾವಿಯ ಹಗ್ಗ ಎದುರು ಮನೆಯವನ ಕೈಯಲ್ಲಿದೆ ಎಂಬ ಭಾವನೆ ಬಂದ ಮೇಲೆ ಯಾರಿಗೆ ನೀರು ಇಳಿದೀತು? ಗೊತ್ತುಮಾಡಿದ ಅವಧಿಗೆ ಮೂರು ತಿಂಗಳು ಮುಂಚೆಯೇ, 1948ರ ಜುಲೈ 1ರಂದು, ಕರಾಚಿಯಲ್ಲಿ ಜಿನ್ನಾರವರು ಸ್ಟೇಟ್ ಬ್ಯಾಂಕ್ ಆಫ್ ಪಾಕಿಸ್ತಾನವನ್ನು ಉದ್ಘಾಟಿಸಿದರು.

ಬೇರೆಯಾದದ್ದು ತಪ್ಪೆಂದು ನಾವು ಹೇಳುವುದಿಲ್ಲ. ಸ್ವತಂತ್ರ ರಾಷ್ಟ್ರಕ್ಕೆ ತನ್ನ ನಾಣ್ಯದ ಮೇಲೆ ಅಧಿಕಾರವಿರುವುದು ನ್ಯಾಯವೇ. ಆದರೆ ಅದರ ಫಲವನ್ನು ಉಂಡವರು ಯಾರೆಂಬುದನ್ನು ನೋಡಬೇಕು. 1949ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಪೌಂಡಿನ ಬೆಲೆ ಇಳಿಸಿತು. ಭಾರತವೂ ಡಾಲರಿಗೆ ಎದುರಾಗಿ ರೂಪಾಯಿಯನ್ನು ಶೇಕಡಾ 30.5ರಷ್ಟು ಇಳಿಸಿತು, ಪಾಕಿಸ್ತಾನ ಇಳಿಸಲಿಲ್ಲ. ಸಮಸಮವಾಗಿದ್ದ ಎರಡು ರೂಪಾಯಿಗಳಲ್ಲಿ ಅವರ 100ಕ್ಕೆ ನಮ್ಮ 144 ಎಂದಾಯಿತು. ಆ ದರವನ್ನು ಭಾರತ ಒಪ್ಪಲಿಲ್ಲ. ವ್ಯಾಪಾರಕ್ಕೆ ಬೀಗ ಬಿತ್ತು.

ಸೆಣಬಿನ ಬಹುಪಾಲು ಬೆಳೆಯುತ್ತಿದ್ದುದು ಪೂರ್ವ ಬಂಗಾಳದಲ್ಲಿ. ಅದನ್ನು ನೇಯುವ ಗಿರಣಿಗಳಿದ್ದುದು ಹೂಗ್ಲಿ ನದಿಯ ದಂಡೆಯಲ್ಲಿ. ಅತ್ತ ರೈತನ ಬೆಳೆಗೆ ಗಿರಾಕಿ ತಪ್ಪಿದ, ಇತ್ತ ಗಿರಣಿಗೆ ಕಚ್ಚಾ ಮಾಲು ತಪ್ಪಿತು. ಮುಂಬಯಿ, ಅಹಮದಾಬಾದಿನ ಮಗ್ಗಗಳಿಗೆ ಸಿಂಧ್ ಮತ್ತು ಪಶ್ಚಿಮ ಪಂಜಾಬುಗಳಿಂದ ಬರುತ್ತಿದ್ದ ಹತ್ತಿಗೂ ಇದೇ ಗತಿ. ಹತ್ತಿ ಬಾರದಿದ್ದರೆ ಮಗ್ಗ ನಿಲ್ಲುತ್ತದೆ. ಮಗ್ಗ ನಿಂತರೆ ಬದಲಿ ಕಾರ್ಮಿಕ ಗೇಟಿನಿಂದಲೇ ಹಿಂದಿರುಗಬೇಕಾಗುತ್ತದೆ. ಗಿರಣಗಾವಿನ ಹಿರಿಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 1951ರ ಫೆಬ್ರವರಿಯಲ್ಲಿ ಭಾರತ ಆ ದರವನ್ನು ಒಪ್ಪಿ ಕರಾಚಿಯಲ್ಲಿ ಒಪ್ಪಂದವಾಯಿತು. 1955ರಲ್ಲಿ ಪಾಕಿಸ್ತಾನವೂ ತನ್ನ ರೂಪಾಯಿಯ ಬೆಲೆ ಇಳಿಸಿತು. ಎರಡು ಸರಕಾರಗಳ ಹಟ ಮುಗಿಯಿತು. ನಡುವಿನ ತಿಂಗಳುಗಳ ಕೂಲಿಯನ್ನು ರೈತನಿಗೂ ಕಾರ್ಮಿಕನಿಗೂ ತುಂಬಿಕೊಟ್ಟವರು ಯಾರು?

ಹಾಗಾದರೆ ನಾಣ್ಯವನ್ನು ಎಂದೆಂದಿಗೂ ಕೂಡಿಯೇ ಇಟ್ಟುಕೊಳ್ಳಬೇಕೇ? ಅದೂ ಸುಲಭದ ಮಾತಲ್ಲ. ಕೊಲ್ಲಿಯ ನಾಡುಗಳಲ್ಲಿ ನಮ್ಮ ರೂಪಾಯಿಯೇ ನಡೆಯುತ್ತಿದ್ದ ಕಾಲವೊಂದಿತ್ತು. 1959ರಲ್ಲಿ ರಿಸರ್ವ್ ಬ್ಯಾಂಕು ಆ ನಾಡುಗಳಿಗೆಂದೇ ಬೇರೆ ನೋಟು ಹೊರಡಿಸಿತು. 1966ರ ಜೂನ್ 6ರಂದು ದಿಲ್ಲಿ ಸರಕಾರ ರೂಪಾಯಿಯ ಬೆಲೆ ಇಳಿಸಿದಾಗ, 4 ರೂಪಾಯಿ 76 ಪೈಸೆಗೆ ಬರುತ್ತಿದ್ದ ಡಾಲರು ಏಳೂವರೆ ರೂಪಾಯಿಯಾಯಿತು. ದುಬೈಯ ಅಂಗಡಿಕಾರನ ಕೈಯಲ್ಲಿದ್ದ ರೂಪಾಯಿಯ ಬೆಲೆಯೂ ಆ ಒಂದೇ ದಿನದಲ್ಲಿ ಕುಗ್ಗಿತು. ಅವನನ್ನು ಕೇಳಿದವರಿಲ್ಲ. ದುಬೈ, ಕತಾರುಗಳು ಅದೇ ವರ್ಷ ರೂಪಾಯಿಯನ್ನು ಕೈಬಿಟ್ಟು ತಮ್ಮದೇ ರಿಯಾಲನ್ನು ತಂದುಕೊಂಡವು. ಐರ್ಲೆಂಡು 1928ರಲ್ಲಿ ಸ್ವಂತ ಪೌಂಡು ಹೊರಡಿಸಿದರೂ 1979ರವರೆಗೆ ಅದನ್ನು ಬ್ರಿಟಿಷ್ ಪೌಂಡಿಗೆ ಸಮಸಮವಾಗಿ ಕಟ್ಟಿಹಾಕಿತ್ತು. 1949ರಲ್ಲೂ 1967ರಲ್ಲೂ ಲಂಡನ್ ಬೆಲೆ ಇಳಿಸಿದಾಗ ಡಬ್ಲಿನ್ನೂ ಜೊತೆಗೆ ಇಳಿಯಿತು. ನೀರು ಸಿಕ್ಕಿತು, ನಿಜ. ಬಾವಿಯ ಪಂಚಾಯಿತಿಯಲ್ಲಿ ಮಾತು ಸಿಗಲಿಲ್ಲ.

ಜೆಕೊಸ್ಲೊವಾಕಿಯದ ಕಥೆ ಬೇರೆ ಪಾಠ ಹೇಳುತ್ತದೆ. 1993ರ ಜನವರಿ 1ರಂದು ಆ ದೇಶ ಜಗಳವಿಲ್ಲದೆ ಎರಡಾಯಿತು. ಕೆಲವು ಕಾಲ ನಾಣ್ಯ ಒಂದೇ ಇರಲೆಂದು ಎರಡೂ ಕಡೆಯವರು ಒಪ್ಪಿದ್ದರು. ಅದು ಆರು ವಾರವೂ ಬಾಳಲಿಲ್ಲ. ಫೆಬ್ರವರಿ 8ಕ್ಕೆ ಬೇರೆಯಾಯಿತು. ಸ್ಲೊವಾಕ್ ನಾಣ್ಯ ಇಳಿದೀತೆಂಬ ಭಯದಿಂದ ಜನರು ಮೊದಲೇ ತಮ್ಮ ಠೇವಣಿಗಳನ್ನು ಜೆಕ್ ಬ್ಯಾಂಕುಗಳಿಗೆ ಸಾಗಿಸತೊಡಗಿದ್ದರು. ಇಂಥ ಹೊತ್ತಿನಲ್ಲಿ ಹಣವುಳ್ಳವನ ಹಣಕ್ಕೆ ಕಾಲು ಬರುತ್ತದೆ. ದಿನಗೂಲಿಯವನ ದುಡ್ಡು ಕಿಸೆಯಲ್ಲೇ ಉಳಿಯುತ್ತದೆ. ಆದರೂ ಅಲ್ಲಿಯ ಸರಕಾರಗಳು ಒಂದು ವಿವೇಕ ತೋರಿದವು. ಹಳೆಯ ನೋಟಿಗೆ ಅಂಟಿಸುವ ಮುದ್ರೆಚೀಟಿಗಳನ್ನು ಮುಂಚಿತವಾಗಿಯೇ ಸಿದ್ಧಪಡಿಸಿಕೊಂಡಿದ್ದವು. ನಡುವಿನ ವ್ಯಾಪಾರದ ಲೆಕ್ಕ ತೀರಿಸಲು ಬೇರೆ ಖಾತೆಯನ್ನೂ ಏರ್ಪಡಿಸಿಕೊಂಡವು. ಬಾವಿ ಬೇರೆಯಾಯಿತು, ಕೊಡಗಳು ಒಡೆಯಲಿಲ್ಲ.

ಇವೆಲ್ಲವುಗಳಿಂದ ನಮಗೆ ತಿಳಿದುಬರುವುದಿಷ್ಟು. ನಾಣ್ಯ ಕೂಡಿರಬೇಕೋ ಬೇರೆಯಾಗಬೇಕೋ ಎಂಬುದಕ್ಕೆ ಎಲ್ಲ ದೇಶಕ್ಕೂ ಸಲ್ಲುವ ಒಂದೇ ಉತ್ತರವಿಲ್ಲ. ಆದರೆ ಎರಡರ ನಡುವೆ ತೂಗಾಡುವ ಸ್ಥಿತಿ, ಅಂದರೆ ಹೆಸರಿಗೆ ಕೂಡು, ಅಧಿಕಾರ ಮಾತ್ರ ಒಬ್ಬನ ಕೈಯಲ್ಲಿ ಎಂಬ ಸ್ಥಿತಿ, ಎಲ್ಲಕ್ಕಿಂತ ಕೆಟ್ಟದ್ದು. ಕೂಡಿಡುವುದಾದರೆ ನೋಟು ಹೊರಡಿಸುವ ಬ್ಯಾಂಕಿನ ಆಡಳಿತದಲ್ಲಿ ಎರಡು ಕಡೆಗೂ ಮಾತಿರಬೇಕು. ಕಷ್ಟಕಾಲದಲ್ಲಿ ಒಬ್ಬರು ಇನ್ನೊಬ್ಬರಿಗೆ ಎಷ್ಟು ಸಾಲ ಕೊಡಬೇಕೆಂಬುದು ಬರಹದಲ್ಲಿರಬೇಕು. ಬೇರೆಯಾಗುವುದಾದರೆ ದಿನ ಗೊತ್ತಾಗಿರಬೇಕು, ದರ ಗೊತ್ತಾಗಿರಬೇಕು. ಪಗಾರ, ಉಳಿತಾಯ, ಭವಿಷ್ಯನಿಧಿ, ಪಿಂಚಣಿ ಇವು ಯಾವ ನಾಣ್ಯದಲ್ಲಿ ಸಲ್ಲುತ್ತವೆಂಬುದನ್ನು ಮತ ಹಾಕುವ ಮೊದಲೇ ಜನರಿಗೆ ತಿಳಿಸಿರಬೇಕು.

ಇವು ಅರ್ಥಶಾಸ್ತ್ರಜ್ಞರ ಮಾತುಗಳು, ನಮಗೇಕೆ ಎಂದು ಕೆಲವರು ಕೇಳಬಹುದು. ನಮ್ಮ ಹೊಟೇಲು ಬಂಧುಗಳು ಹತ್ತು ಜನ ಸೇರಿ ಚೀಟಿ ಹಾಕುವಾಗ ಮಾಡುವ ವಿಚಾರವಲ್ಲವೇ ಇದು? ಹಣ ಯಾರ ಹತ್ತಿರ ಇರಬೇಕು, ತುರ್ತಿನಲ್ಲಿ ಯಾರಿಗೆ ಮೊದಲು, ನಡುವೆ ಬಿಟ್ಟುಹೋಗುವವನ ಲೆಕ್ಕ ಹೇಗೆ ಎಂದು ಮೊದಲ ದಿನವೇ ಗೊತ್ತುಮಾಡಿಕೊಳ್ಳುತ್ತೇವೆ. ಹಾಗೆ ಮಾಡಿಕೊಂಡ ಚೀಟಿ ಮುರಿದರೂ ಸ್ನೇಹ ಮುರಿಯುವುದಿಲ್ಲ. ಪೆಟ್ಟಿಗೆಯಡಿ ಒಂದಿಷ್ಟು ಉಳಿತಾಯವಿಟ್ಟು ಊರಿಗೆ ಹಣ ಕಳುಹಿಸುವ ದುಡಿಮೆಗಾರ ಎಲ್ಲ ದೇಶಗಳಲ್ಲೂ ಇದ್ದಾನೆ. ಸ್ವಾತಂತ್ರ್ಯದ ಪಾಲುಪತ್ರ ಬರೆಯುವಾಗ ಅವನ ಹೆಸರಿನ ಸಾಲೊಂದು ಅದರಲ್ಲಿ ಇದೆಯೇ ಎಂದು ನೋಡುವುದು, ಇಲ್ಲದಿದ್ದರೆ ಬರೆಸುವುದು, ಎಲ್ಲೆಲ್ಲಿಯ ಕಾರ್ಮಿಕ ಸಂಘಗಳ ಕರ್ತವ್ಯವೆಂದು ನಾವು ನಂಬುತ್ತೇವೆ.