ಆರು ಮೇಣಬತ್ತಿ, ಹತ್ತು ಪೋಳಿ

ಕಳೆದ ಭಾನುವಾರ ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ದೀಪಾವಳಿ ಪ್ರದರ್ಶನ. ಹನ್ನೊಂದು ಟೇಬಲ್, ಅದರಲ್ಲಿ ಆರರ ಮೇಲೆ ಸುವಾಸನೆಯ ಮೇಣಬತ್ತಿ. ಲ್ಯಾವೆಂಡರ್, ಶ್ರೀಗಂಧ, ಇನ್ನೊಂದು ‘ಮಳೆ ಬಿದ್ದ ಮಣ್ಣು’. ಮೂಸಿ ನೋಡಿದೆ, ಫಿನಾಯಿಲು. ಬೆಲೆ 350 ರೂಪಾಯಿ. ಸಂಜೆಯವರೆಗೂ ಗಿರಾಕಿ ಬರಲಿಲ್ಲವೆಂದು ಆರೂ ಜನ ಒಬ್ಬರದನ್ನೊಬ್ಬರು ಕೊಂಡುಕೊಂಡು ಬೋಣಿಗೆ ಮಾಡಿಕೊಂಡರು.

ನನ್ನ ಸಿಟ್ಟು ಅದಕ್ಕಲ್ಲ. ಮೂರನೆಯ ಮಹಡಿಯ ಕಾಕೂಗೆ ಟೇಬಲ್ಲೇ ಕೊಡಲಿಲ್ಲ. ಯಾಕೆಂದು ಕೇಳಿದರೆ ಸೆಕ್ರೆಟರಿ ಸಾಹೇಬರು, “ಅವರು ದಿನಾ ಮಾರುತ್ತಾರೆ, ಅದು ಧಂದಾ. ಇದು ಹವ್ಯಾಸದವರಿಗೆ” ಎಂದರು. ಇವರ ಮ್ಯೂಚುವಲ್ ಫಂಡಿನ ಸಂದೇಶ ಮಾತ್ರ ದಿನಾ ಬೆಳಿಗ್ಗೆ ಗಣಪತಿ ಫೋಟೊದ ಬೆನ್ನಿಗೇ ಗ್ರೂಪಿಗೆ ಬಂದು ಬೀಳುತ್ತದೆ. ಅದು ಭಕ್ತಿ ಇರಬೇಕು.

ಕಾಕೂ ಅಕ್ಕಲಕೋಟೆಯವರು. ಲಿಫ್ಟಿನಲ್ಲಿ ಮರಾಠಿ, ನನ್ನ ಜೊತೆ ಕನ್ನಡ. ಮಾರುವುದು ಪೋಳಿ. ಧಾರವಾಡದ ಓದುಗರು ಹೂರಣ ನೆನೆಸಿಕೊಂಡು ಬಾಯಲ್ಲಿ ನೀರು ತಂದುಕೊಳ್ಳಬೇಡಿ, ಪುಣೆಯಲ್ಲಿ ಪೋಳಿ ಎಂದರೆ ಬರೀ ಚಪಾತಿ. ಶನಿವಾರಕ್ಕೆ ಜೋಳದ ಭಾಕರಿ, ಅಂದರೆ ನಮ್ಮ ರೊಟ್ಟಿಯೇ. ಈ ಊರಿನ ಪೇಠೆಗಳಲ್ಲಿ ಪೋಳಿ-ಭಾಜಿ ಕೇಂದ್ರ ಹೊಸದೇನಲ್ಲ. ಕಾಕೂ ಅದಕ್ಕೇ ಕೈ ಹಾಕಿದ್ದು ಹೇಗೆ ಎಂಬುದೇ ಸ್ವಾರಸ್ಯ.

ಮೊದಲು ಅವರು ಸೀರೆಗೆ ಫಾಲ್ ಹಚ್ಚಿಕೊಡುತ್ತಿದ್ದರು. ಕೆಳಗಿನ ಹುಡುಗಿಯರು ಸೀರೆ ಉಡುವುದೇ ವರ್ಷಕ್ಕೆ ಎರಡು ಸಲ, ಹೊಲಿಗೆ ಯಂತ್ರಕ್ಕೆ ಧೂಳು ಕೂತಿತು. ಆಮೇಲೆ ಒಂದು ವಾರ ಸಂಜೆ ಏಳರಿಂದ ಒಂಬತ್ತರ ತನಕ ಗೇಟಿನ ಪಕ್ಕದ ಕಟ್ಟೆಯ ಮೇಲೆ ಸುಮ್ಮನೆ ಕೂತರು. ನಾವೆಲ್ಲ ಹರಟೆಗೆ ಕೂತಿದ್ದಾರೆ ಎಂದುಕೊಂಡೆವು. ಅವರು ನೋಡುತ್ತಿದ್ದದ್ದು ಕೈಚೀಲ. ಐಟಿ ಕಂಪನಿಯಿಂದ ಸುಸ್ತಾಗಿ ಬಂದ ಗಂಡಹೆಂಡಿರ ಚೀಲದಲ್ಲಿ ಪಲ್ಯದ ಸೊಪ್ಪು ಇರುತ್ತಿತ್ತು, ಮೇಲೆ ಕಾಗದದಲ್ಲಿ ಸುತ್ತಿದ ಪೋಳಿ, ದೊಡ್ಡ ರಸ್ತೆಯಾಚೆಯಿಂದ ತಂದದ್ದು, ಆರಿದ್ದು. “ಪಲ್ಯಾ ಎಲ್ಲಾರೂ ಮಾಡ್ಕೋತಾರೋ ತಮ್ಮಾ, ಹಿಟ್ಟು ನಾದೂದಕ್ಕ ಬ್ಯಾಸರ” ಎಂದರು. ಮರುದಿನ ಹಂಚು ಇಟ್ಟರು. ಈಗ ಸಂಜೆ ಅವರ ಬಾಗಿಲಲ್ಲಿ ಬಿಳಿ ಪಂಚೆಯಲ್ಲಿ ಹತ್ತತ್ತರಂತೆ ಸುತ್ತಿಟ್ಟ ಗಂಟುಗಳು, ಮುಟ್ಟಿದರೆ ಇನ್ನೂ ಬಿಸಿ. ಮೇಣಬತ್ತಿಯ ಬಗ್ಗೆ ಕೇಳಿದ್ದಕ್ಕೆ ನಕ್ಕು, “ಅದನ್ನ ಹಚ್ಚಿದ ಮನ್ಯಾಗೂ ರಾತ್ರಿ ಹಸೀತದಲ್ಲ?” ಎಂದರು.

ಪ್ರದರ್ಶನ ಉದ್ಘಾಟಿಸಿದವರು ಲಿಜ್ಜತ್ ಹಪ್ಪಳದ ಕಥೆ ಹೇಳಿದರು. ಇಂಥ ಭಾಷಣಗಳಲ್ಲಿ ಅದು ಸ್ವಾಗತಗೀತೆಯಷ್ಟೇ ಕಡ್ಡಾಯ. 1959, ಮುಂಬಯಿಯ ಗಿರಗಾಂವ, ಏಳು ಮಂದಿ ಹೆಂಗಸರು, 80 ರೂಪಾಯಿ ಸಾಲ. ಚಪ್ಪಾಳೆ. ಡಬ್ಬಿಯಲ್ಲಿ ಮತ್ತೆ ಮತ್ತೆ ಖಾಲಿಯಾಗುವ ವಸ್ತುವನ್ನೇ ಅವರು ಆರಿಸಿಕೊಂಡರು ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ನಿಮ್ಮ ಮೇಣಬತ್ತಿ ಶೋಕೇಸಿನಲ್ಲಿ ಹತ್ತು ವರ್ಷ ಕೂರುತ್ತದೆ.

ನಮ್ಮವರದೇ ಉದಾಹರಣೆ ಬೇಕಿದ್ದರೆ ಫರ್ಗ್ಯುಸನ್ ಕಾಲೇಜು ರಸ್ತೆಗೆ ಹೋಗಿ. ಅಲ್ಲಿನ ವೈಶಾಲಿ ಹೋಟೆಲಿನ, 2023ರಲ್ಲಿ ತೀರಿಕೊಂಡ ಜಗನ್ನಾಥ ಶೆಟ್ಟರು ಕಾರ್ಕಳದ ಕಡೆಯಿಂದ ಹದಿಹರೆಯದಲ್ಲೇ ಬಂದು ಹೋಟೆಲ್ ಕೆಲಸದಲ್ಲಿ ಬೆಳೆದವರು. ಅಲ್ಲಿ ಇಡ್ಲಿ-ದೋಸೆ ಇದೆ, ಸರಿ. ಆದರೆ ಹುಡುಗರು ಕೂಗಿ ಕೇಳುವುದು ಎಸ್‌ಪಿಡಿಪಿ: ಸೇವು, ಬಟಾಟೆ, ಮೊಸರು, ಪೂರಿ. ಉಡುಪಿಯಲ್ಲಿ ಅಂಥದ್ದನ್ನು ಯಾರ ಅಜ್ಜಿಯೂ ಮಾಡಿದ್ದಿಲ್ಲ. ಕಾಲೇಜು ರಸ್ತೆಯ ಬಾಯಿಗೆ ಏನು ರುಚಿ ಎಂದು ನೋಡಿ ಬಡಿಸಿದರು. ನಮ್ಮ ಸೊಸೈಟಿಯ ಹೆಂಗಳೆಯರ ಗುಂಪಿನಲ್ಲೋ, “ನನಗೆ ಏನು ಬರುತ್ತದೆ” ಎಂಬಲ್ಲಿಂದಲೇ ಶುರು, ಅಲ್ಲಿಗೇ ಮುಗಿಯಿತು.

ಹಳೆಯ ತಕರಾರೂ ಒಂದಿದೆ, ಈ ಅಂಕಣದ ಓದುಗರಿಗೆ ಬಾಯಿಪಾಠವಾಗಿರಬೇಕು: ಪುಣೆಯ ಅಂಗಡಿಗಳು ಮಧ್ಯಾಹ್ನ ಒಂದರಿಂದ ನಾಲ್ಕರ ತನಕ ಬಾಗಿಲೆಳೆದುಕೊಳ್ಳುವುದು. ಚಿತಳೆ ಬಂಧುಗಳ ಮಿಠಾಯಿ ಅಂಗಡಿ ಇನ್ನು ಮಧ್ಯಾಹ್ನವೂ ತೆರೆದಿರುತ್ತದೆ ಎಂಬುದು 2017ರಲ್ಲಿ ದೊಡ್ಡ ಸುದ್ದಿಯಾದ ಊರು ಇದು. ಏನು ಮಾರಲಿ ಎಂದು ಕೇಳುವವರಿಗೆಲ್ಲ ನಾನು, ಒಂದರಿಂದ ನಾಲ್ಕರ ನಡುವೆ ಏನನ್ನಾದರೂ ಮಾರಿ, ಬೆಂಕಿಪೆಟ್ಟಿಗೆಯಾದರೂ ಸರಿ ಎನ್ನುತ್ತಾ ಬಂದಿದ್ದೇನೆ. ಈ ವಾರ ಆ ಮಾತನ್ನು ತಾತ್ಕಾಲಿಕವಾಗಿ ಹಿಂತೆಗೆದುಕೊಂಡಿದ್ದೇನೆ.

ಏಕೆಂದರೆ ಸೋಮವಾರ ಸೆಕ್ರೆಟರಿ ಸಾಹೇಬರು ಕಾಕೂ ಮನೆಗೆ ಹೋಗಿ ಲೈಸೆನ್ಸ್ ಕೇಳಿದರು. ಮನೆಯಲ್ಲಿ ಮಾಡಿ ಮಾರುವ ತಿನಿಸಿಗೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು ಎಂಬುದು ನಿಜ. ಕಾಕೂ ಮಾತಾಡದೆ ಫ್ರಿಜ್ ಮೇಲೆ ಅಂಟಿಸಿದ್ದ 14 ಅಂಕಿಯ ಕಾಗದ ತೋರಿಸಿದರು. ಗುರುವಾರ ಅದೇ ಸಾಹೇಬರ ಮನೆಗೆ ಹೇಳದೆ ಕೇಳದೆ ಬೀಗರು ಬಂದರು. ಒಂದೂವರೆ ಗಂಟೆಗೆ ಹತ್ತು ಪೋಳಿ ಬೇಕೆಂದು ಮೂರನೆಯ ಮಹಡಿಗೆ ಓಡಿದರಂತೆ. ಬಾಗಿಲು ಮುಚ್ಚಿತ್ತು, ಮೇಲೆ ಅಪ್ಪಟ ಪುಣೇರಿ ಧಾಟಿಯ ಹೊಸ ಪಾಟಿ ತೂಗುತ್ತಿತ್ತು. ಬರೆದುಕೊಟ್ಟವನು ನಾನೇ: “1ರಿಂದ 4 ವಿಶ್ರಾಂತಿ. ಹಸಿದವರು ಮೇಣಬತ್ತಿ ಹಚ್ಚಿಕೊಳ್ಳಿ.”