ಕಾರ್ಡು ಕಳಿಸಿದರೆ ಕರೆದಂತಾಯಿತೇ?

ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆ. ಕೆಂಗಲ್ ಆಸುಪಾಸಿನ ಒಂದು ಹಳ್ಳಿಯ ಅಂಗನವಾಡಿ. ಮೇಜಿನ ಮೇಲೆ ನೀಲಿ ಲಸಿಕೆ ಪೆಟ್ಟಿಗೆ, ಅದರೊಳಗೆ ನಾಲ್ಕು ಐಸ್ ಪ್ಯಾಕುಗಳ ನಡುವೆ ಪುಟ್ಟ ಪುಟ್ಟ ಸೀಸೆಗಳು. ಸಿಸ್ಟರ್ ಒಂದು ಕೂಸಿನ ಎಡತೊಡೆಗೆ ಪೆಂಟಾ ಕೊಟ್ಟು ಹತ್ತಿ ಒತ್ತಿ ಹಿಡಿದರು. ಕೂಸು ಉಸಿರು ಕಟ್ಟಿ ಅತ್ತು, ಆಮೇಲೆ ಅಮ್ಮನ ಸೆರಗು ಬಾಯಿಗಿಟ್ಟುಕೊಂಡು ಸುಮ್ಮನಾಯಿತು. "ಅರ್ಧ ಗಂಟೆ ಕೂತಿರಮ್ಮ, ಎದ್ದು ಹೋಗ್ಬೇಡಿ." ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಒಂಬತ್ತು ಹೆಸರಿದ್ದವು, ಬಂದಿದ್ದವು ಆರು ಮಕ್ಕಳು. ಉಳಿದ ಮೂರು ಎಲ್ಲಿ ಎಂದು ಕೇಳಿದೆ. ಆಕೆ ಪುಸ್ತಕ ತೆರೆಯದೆ ಹೇಳಿದರು: "ಒಂದು ತವರಲ್ಲೈತೆ, ಮಾಗಡಿ ಕಡೆ. ಇನ್ನೊಂದು ಮನೇಲಿ ರೇಷ್ಮೆ ಹುಳ ನಾಕನೇ ಜ್ವರ ಎದ್ದೈತೆ, ಈ ವಾರ ಬರಕ್ಕಾಗಲ್ಲ. ಮೂರನೇದ್ಕೆ ಅಜ್ಜಿ ಬಿಡ್ತಿಲ್ಲ, ಹೋದ್ಸಲ ಮೈ ಕಾದಿತ್ತಂತೆ."

ಮೂರೂ ಮನೆಯ ನಂಬರಿಗೆ ಲಸಿಕೆ ನೆನಪಿಸುವ ಮೆಸೇಜು ಹೋಗಿತ್ತು. ಮರೆತವರು ಒಬ್ಬರೂ ಇರಲಿಲ್ಲ.

ಲಸಿಕೆಯ ದಿನವನ್ನು ಮೊಬೈಲಿನಲ್ಲಿ ನೆನಪಿಸುವ ಯೋಚನೆ ಹೊಸದಲ್ಲ. ಬಸುರಿಯರನ್ನೂ ಮಕ್ಕಳನ್ನೂ ಹೆಸರು ಹಿಡಿದು ಗಮನಿಸುವ ವ್ಯವಸ್ಥೆಯನ್ನು ಕೇಂದ್ರ ಸರ್ಕಾರ 2009ರ ಕೊನೆಯಲ್ಲಿ ತಂದಾಗಲೇ ಫೋನ್ ನಂಬರು ಬರೆದುಕೊಳ್ಳುವ ಕೆಲಸ ಶುರುವಾಯಿತು. 2014ರಲ್ಲಿ ಭಾರತೀಯ ಮಕ್ಕಳ ತಜ್ಞರ ಸಂಘ ಉಚಿತ ಎಸ್ಸೆಮ್ಮೆಸ್ ಸೇವೆ ಆರಂಭಿಸಿತು. ಈಗ ಯು-ವಿನ್ ಇದೆ: ಕೋವಿಡ್ ಕಾಲದ ಕೋ-ವಿನ್ ಮಾದರಿಯಲ್ಲೇ ಪ್ರತಿ ಮಗುವಿನ ಪ್ರತಿ ಡೋಸನ್ನೂ ದಾಖಲಿಸಿ, ಮುಂದಿನ ಡೋಸಿನ ದಿನವನ್ನು ತಂದೆತಾಯಿಗೆ ತಿಳಿಸುತ್ತದೆ. ಇದನ್ನೆಲ್ಲ ಕಟ್ಟಿದವರ ಶ್ರಮ ಸಣ್ಣದಲ್ಲ. ಆದರೆ ಇದರ ಬುಡದಲ್ಲಿ ಒಂದು ನಂಬಿಕೆ ಕೂತಿದೆ, ಅಮ್ಮ ಮರೆತಿದ್ದಾಳೆ, ನೆನಪಿಸಿದರೆ ಬರುತ್ತಾಳೆ ಎಂದು. ನಮ್ಮ ಸೀಮೆಯ ಮನೆಗಳನ್ನು ಬಲ್ಲ ನನಗೆ ಈ ನಂಬಿಕೆ ಒಪ್ಪಿಗೆಯಾಗುವುದಿಲ್ಲ.

ರೇಷ್ಮೆ ಮನೆಯನ್ನೇ ನೋಡಿ. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ, ಅದಕ್ಕೆ ನಮ್ಮವರು ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲಿನ ಏಳೆಂಟು ದಿನ ಹುಳುವಿನ ಹಸಿವು ಹೇಳತೀರದು. ಅದು ಹುಟ್ಟಿದಾಗಿನಿಂದ ತಿನ್ನುವ ಸೊಪ್ಪಿನಲ್ಲಿ ಬಹುಪಾಲು ಈ ಒಂದು ವಾರದ್ದೇ. ನಸುಕಿನಲ್ಲಿ ಸೊಪ್ಪು ಕೊಯ್ಯಬೇಕು, ರಾತ್ರಿ ಮತ್ತೆ ಹಾಕಬೇಕು, ನಡುವೆ ಹಾಸಿಗೆ ತೆಗೆಯಬೇಕು. ಆ ವಾರ ಯಾರಾದರೂ ಸತ್ತರೂ ಮನೆಯಲ್ಲಿ ಒಬ್ಬರು ಹುಳುವಿನ ಹತ್ತಿರ ಉಳಿದುಕೊಳ್ಳುತ್ತಾರೆ. ಚಾಕಿ (ಮರಿಹುಳು) ತಂದ ದಿನದಿಂದ ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ಸೇರುವ ದಿನದವರೆಗೆ ಲೆಕ್ಕವನ್ನು ಆ ಹೆಂಗಸು ಬೆರಳ ತುದಿಯಲ್ಲಿ ಇಟ್ಟುಕೊಂಡಿರುತ್ತಾಳೆ. ಅಷ್ಟು ಜಾಗರೂಕತೆ ಇರುವವಳಿಗೆ ತನ್ನ ಮಗುವಿನ ಹತ್ತನೇ ವಾರದ ಸೂಜಿ ಮರೆಯುತ್ತದೆಯೇ? ಅವಳ ಭಯವೇ ಬೇರೆ. ಸೂಜಿ ಹಾಕಿಸಿದರೆ ಮಗುವಿಗೆ ರಾತ್ರಿ ಜ್ವರ ಬರುತ್ತದೆ, ಎತ್ತಿಕೊಂಡೇ ಇರಬೇಕಾಗುತ್ತದೆ, ಆಗ ಸೊಪ್ಪು ಹಾಕುವವರು ಯಾರು? ಈ ಪ್ರಶ್ನೆ ಕೇಳಿಸಿಕೊಳ್ಳುವ ಕಿವಿ ಮೆಸೇಜಿಗಿಲ್ಲ. ಅದು ಹೇಳುವುದಷ್ಟೇ ಬಲ್ಲದು.

ತವರಿನ ಮಾತು ಇನ್ನೂ ಸಿಕ್ಕಿನದು. ಚೊಚ್ಚಲ ಬಾಣಂತನ ನಮ್ಮಲ್ಲಿ ತವರಿನಲ್ಲೇ ನಡೆಯಬೇಕು. ಮೂರು ತಿಂಗಳಿಗೋ ಐದು ತಿಂಗಳಿಗೋ ಮಗುವನ್ನು ಗಂಡನ ಮನೆಗೆ ಕರೆತರುತ್ತಾರೆ. ಆರು, ಹತ್ತು, ಹದಿನಾಲ್ಕನೇ ವಾರದ ಮುಖ್ಯ ಡೋಸುಗಳೆಲ್ಲ ಈ ಅವಧಿಯಲ್ಲೇ ಬರುತ್ತವೆ. ಆದರೆ ತಾಯಿ ಕಾರ್ಡು ಮಾಡಿಸಿದ್ದು ಗಂಡನ ಊರಿನಲ್ಲಿ, ಬರೆಸಿದ ನಂಬರು ಬಹುತೇಕ ಗಂಡನದು. ಅವನು ಬಿಡದಿಯ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಮಲಗಿರುವಾಗ ಫೋನು ಕಿಣಿಗುಡುತ್ತದೆ. ಎದ್ದಾಗ ಸಾಲ ಬೇಕೇ, ರೀಚಾರ್ಜ್ ಮುಗಿಯಿತು, ಒಟಿಪಿ ಯಾರಿಗೂ ಕೊಡಬೇಡಿ ಎನ್ನುವ ಇಪ್ಪತ್ತು ಮೆಸೇಜುಗಳ ನಡುವೆ ಅವನ ಮಗುವಿನ ಲಸಿಕೆಯದೂ ಒಂದು. ಮಗು ಮೂವತ್ತು ಮೈಲಿ ದೂರದಲ್ಲಿ ಇನ್ನೊಂದು ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿದೆ. ಅಲ್ಲಿನ ಆಶಾಳ ಪುಸ್ತಕದಲ್ಲಿ ಅದರ ಹೆಸರೇ ಇಲ್ಲ.

ನಮ್ಮ ಕಡೆ ಮದುವೆಗೆ ಕರೆಯುವುದಕ್ಕೆ ಒಂದು ಕ್ರಮವಿದೆ. ಮನೆಗೆ ಬರಬೇಕು, ಅರಿಶಿನ ಕುಂಕುಮ ಕೊಡಬೇಕು, ಒಂದು ಲೋಟ ನೀರಾದರೂ ಕುಡಿದು "ಎಲ್ಲಾರೂ ಬರಬೇಕು" ಎಂದು ಬಾಯಿಬಿಟ್ಟು ಹೇಳಬೇಕು. ಅಷ್ಟು ಮಾಡದೆ ಪತ್ರಿಕೆ ಮಾತ್ರ ತಲುಪಿಸಿದರೆ "ಕಾರ್ಡು ಕಳಿಸಿದ್ರು, ಕರೀಲಿಲ್ಲ" ಎನ್ನುತ್ತಾರೆ, ಹೋಗುವುದಿಲ್ಲ. ಮದುವೆಯ ದಿನ ಅವರಿಗೂ ಗೊತ್ತಿರುತ್ತದೆ. ತಿಳಿಸುವುದಕ್ಕೂ ಕರೆಯುವುದಕ್ಕೂ ನಡುವಿನ ಈ ಅಂತರ ಲಸಿಕೆಯ ವಿಷಯದಲ್ಲೂ ಇದೆ ಎನ್ನುವುದೇ ನನ್ನ ವಾದ.

ಇದು ಬರೀ ನನ್ನ ಅನಿಸಿಕೆಯಲ್ಲ. ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತವರ ಜೊತೆಗಾರರು ಹರಿಯಾಣದ ಏಳು ಜಿಲ್ಲೆಗಳಲ್ಲಿ ಸುಮಾರು 3 ಲಕ್ಷ ಮಕ್ಕಳನ್ನು ಒಳಗೊಂಡು ಒಂದು ದೊಡ್ಡ ಪ್ರಯೋಗ ಮಾಡಿ, 2021ರಲ್ಲಿ ಅದರ ಫಲಿತಾಂಶ ಹೊರತಂದರು. ಕೆಲವು ಕಡೆ ಎಸ್ಸೆಮ್ಮೆಸ್ ಕಳಿಸಿದರು, ಕೆಲವು ಕಡೆ ಲಸಿಕೆ ಹಾಕಿಸಿದವರಿಗೆ ಮೊಬೈಲ್ ರೀಚಾರ್ಜ್ ಕೊಟ್ಟರು, ಕೆಲವು ಕಡೆ ಊರಿನೊಳಗೆ ಸುದ್ದಿ ಹಬ್ಬಿಸುವವರನ್ನು ಹುಡುಕಿ "ಲಸಿಕೆ ದಿನ ನಾಲ್ಕು ಜನಕ್ಕೆ ಹೇಳಿ" ಎಂದು ಕೇಳಿಕೊಂಡರು. ಬರೀ ಎಸ್ಸೆಮ್ಮೆಸ್‌ನಿಂದ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಎಸ್ಸೆಮ್ಮೆಸ್, ಸುದ್ದಿ ಹಬ್ಬಿಸುವವರು, ಡೋಸಿನಿಂದ ಡೋಸಿಗೆ ಏರುವ ರೀಚಾರ್ಜ್ ಮೂರೂ ಕೂಡಿದಾಗ ಲಸಿಕೆ ಶೇ. 44ರಷ್ಟು ಹೆಚ್ಚಿತು. ಕೊಟ್ಟ ದುಡ್ಡಿಗೆ ತಕ್ಕ ಫಲ ನೋಡಿದರೆ ರೀಚಾರ್ಜ್ ಇಲ್ಲದೆ ಎಸ್ಸೆಮ್ಮೆಸ್ ಮತ್ತು ಬಾಯಿಮಾತಿನ ಜೋಡಿಯೇ ಮುಂದೆ ನಿಂತಿತು.

ಊರಿನಲ್ಲಿ ಸುದ್ದಿ ಹಬ್ಬಿಸುವವರು ಯಾರು ಎಂದು ಊರವರನ್ನೇ ಕೇಳುವ ಈ ಉಪಾಯಕ್ಕೆ ಕರ್ನಾಟಕದ ಹಳ್ಳಿಗಳಲ್ಲೇ ಪರೀಕ್ಷೆ ನಡೆದಿತ್ತು. ಡುಫ್ಲೊ ತಂಡದವರು ಇಲ್ಲಿನ 213 ಹಳ್ಳಿಗಳಲ್ಲಿ, ಒಂದು ನಂಬರಿಗೆ ಕರೆ ಮಾಡಿದವರಿಗೆ ಮೊಬೈಲ್ ಗೆಲ್ಲುವ ಅವಕಾಶವಿದೆ ಎಂಬ ಸುದ್ದಿಯನ್ನು ಪ್ರತಿ ಊರಿನ ಕೆಲವರ ಕಿವಿಗೆ ಮಾತ್ರ ಹಾಕಿದರು. ಊರ ಹಿರಿಯರಿಗೆ ಹೇಳಿದ ಕಡೆಗಿಂತ, "ಇವರ ಕಿವಿಗೆ ಬಿದ್ದರೆ ಊರಿಗೇ ಗೊತ್ತಾಗುತ್ತೆ" ಎಂದು ಜನರೇ ತೋರಿಸಿಕೊಟ್ಟವರಿಗೆ ಹೇಳಿದ ಕಡೆ ಹೆಚ್ಚು ಕರೆಗಳು ಬಂದವು. ಇದನ್ನು ಓದಿದಾಗ ನನ್ನ ಕಣ್ಣಮುಂದೆ ಬಂದವರು ಡೈರಿಗೆ ಹಾಲು ಹಾಕುವ ಸಾಲಿನಲ್ಲಿ ನಿಂತು ಎಲ್ಲರನ್ನೂ ಮಾತಾಡಿಸುವ ಹೆಂಗಸರು, ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವವರು. ಆರೋಗ್ಯ ಇಲಾಖೆಯ ಯಾವ ಪಟ್ಟಿಯಲ್ಲೂ ಇವರ ನಂಬರಿಲ್ಲ.

ಬರೀ ನೆನಪಿಸಿದರೆ ಸಾಲದು ಎನ್ನುವುದಕ್ಕೆ ಇನ್ನೊಂದು ಪ್ರಯೋಗವೂ ಇದೆ. ಬೆಂಗಳೂರಿನ ಸೇಂಟ್ ಜಾನ್ಸ್‌ನ ವೈದ್ಯಕೀಯ ಸಂಶೋಧಕರು ದಕ್ಷಿಣ ಭಾರತದ ಮೂರು ಕೇಂದ್ರಗಳಲ್ಲಿ ಎಚ್‌ಐವಿ ಚಿಕಿತ್ಸೆ ಪಡೆಯುತ್ತಿದ್ದ 631 ಜನರಿಗೆ ಮಾತ್ರೆ ನೆನಪಿಸುವ ಮೊಬೈಲ್ ಕರೆ, ಚಿತ್ರದ ಮೆಸೇಜು ಕಳಿಸಿ ನೋಡಿದ್ದರು. 2014ರಲ್ಲಿ ಬಂದ ಅದರ ಫಲಿತಾಂಶ: ನೆನಪಿಸಿದವರಿಗೂ ನೆನಪಿಸದವರಿಗೂ ವ್ಯತ್ಯಾಸವಿಲ್ಲ. ರೋಗ ಬೇರೆ, ಮದ್ದು ಬೇರೆ, ಆದರೂ ನಾವು ಯೋಚಿಸಬೇಕಾದ ಸಂಗತಿ.

ತಿಳಿಸುವ ಬದಲು ಕರೆದದ್ದಕ್ಕೆ ಇನ್ನೂ ಹಿಂದಿನದೊಂದು ಉದಾಹರಣೆ ಮೈಸೂರಿನದೇ. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಬರೆದ ಅರಮನೆಯ ಸ್ತ್ರೀಯರ ಚಿತ್ರದಲ್ಲಿ ಒಬ್ಬಾಕೆ ಸೆರಗು ಸರಿಸಿ ತೋಳು ತೋರಿಸುತ್ತಾ ನಿಂತಿದ್ದಾರೆ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ತೋರಿಸುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗ ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದ್ದಾರೆ. ಸಿಡುಬು ಬಂದರೆ ಅಮ್ಮ ಬಂದಳು ಎಂದು ಬೇವಿನ ಸೊಪ್ಪು ಕಟ್ಟುತ್ತಿದ್ದ ಕಾಲ ಅದು. ಆ ವಾದ ನಿಜವಾದರೆ, ನಾನೂ ಹಾಕಿಸಿಕೊಂಡಿದ್ದೇನೆ ಬನ್ನಿ ಎಂದು ಮೈಸೂರು ಸೀಮೆಯ ಜನರನ್ನು ಲಸಿಕೆಗೆ ಕರೆದ ಮೊದಲಿಗರಲ್ಲಿ ಆ ರಾಣಿಯೂ ಒಬ್ಬರು.

ಹಾಗಾದರೆ ಮೆಸೇಜು ದಂಡವೇ? ಹಾಗೆ ಹೇಳಿದರೆ ಅನ್ಯಾಯವಾಗುತ್ತದೆ. ಮರೆವು ನಿಜವಾಗಿ ಇರುವ ಕಡೆ ಅದರಂಥ ಅಗ್ಗದ ಸಾಧನ ಇನ್ನೊಂದಿಲ್ಲ. ಒಂಬತ್ತನೇ ತಿಂಗಳ ದಡಾರ-ರುಬೆಲ್ಲಾ ಲಸಿಕೆ ಆದ ಮೇಲೆ ಎರಡನೆಯದು ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳ ನಡುವೆ. ಆಗ ಮಗು ಓಡಾಡುತ್ತಿರುತ್ತದೆ, ಕಾರ್ಡು ಬೀರುವಿನ ಅಡಿ ಸೇರಿರುತ್ತದೆ. ಐದು ವರ್ಷಕ್ಕೆ ಬರುವ ಡಿಪಿಟಿಯಂತೂ ಶಾಲೆಗೆ ಸೇರಿಸುವ ಗಡಿಬಿಡಿಯಲ್ಲಿ ಎಷ್ಟೋ ಮನೆಗಳಲ್ಲಿ ಮರೆತೇ ಹೋಗುತ್ತದೆ. ಗಂಟಲುಮಾರಿ, ನಾಯಿಕೆಮ್ಮುಗಳ ವಿರುದ್ಧದ ಶಕ್ತಿ ವರ್ಷ ಕಳೆದಂತೆ ಕುಂದುವುದರಿಂದ ಆ ಡೋಸು ಬೇಕೇಬೇಕು. ಬಿಡದಿಯ ಶೆಡ್ಡುಗಳಲ್ಲಿ ಬಾಡಿಗೆಗಿರುವ ವಲಸೆ ಕುಟುಂಬಗಳಿಗೆ ಊರೂ ಇಲ್ಲ, ಗುರುತಿನ ಆಶಾಳೂ ಇಲ್ಲ. ಅವರ ಭಾಷೆಯಲ್ಲಿ ಬಂದ ಮೆಸೇಜು ಅವರಿಗೆ ಬರುವ ಒಂದೇ ಕರೆಯಾಗಬಹುದು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಪೂರ್ಣ ಲಸಿಕೆ ಪಡೆದ ಮಕ್ಕಳು 2015-16ರಲ್ಲಿ ಶೇ. 62.6 ಇದ್ದದ್ದು 2019-21ಕ್ಕೆ 84.1ಕ್ಕೆ ಏರಿತು. ಈ ಏರಿಕೆ ತಂದವರು ಬಿಸಿಲಲ್ಲಿ ಮನೆಮನೆ ತಿರುಗಿದ ಹೆಂಗಸರು. ನೂರರಲ್ಲಿ ಉಳಿದ ಹದಿನಾರು ಮಕ್ಕಳ ಮನೆಗಳಲ್ಲಿ ಹುಳು, ತವರು, ಕೂಲಿ, ಅಜ್ಜಿಯ ಅಂಜಿಕೆ ಒಂದೊಂದೂ ಬೇರೆಬೇರೆ ಗಂಟು. ಅದನ್ನು ಬಿಚ್ಚುವ ಆಶಾಗೆ ಮಗುವಿನ ಮೊದಲ ವರ್ಷದ ಲಸಿಕೆ ಪೂರ್ತಿ ಮಾಡಿಸಿದ್ದಕ್ಕೆ ಪ್ರೋತ್ಸಾಹಧನ 100 ರೂಪಾಯಿ. 2025ರ ಜನವರಿಯ ಚಳಿಯಲ್ಲಿ ಇವರು ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಮಲಗಿದ್ದರು. ಮೆಸೇಜು ಅಗ್ಗ ಎಂಬ ಕಾರಣಕ್ಕೆ ಇವರ ಕೆಲಸವನ್ನು ಅದಕ್ಕೆ ವಹಿಸಿಬಿಡುವ ಆಸೆ ಯಾರಿಗಾದರೂ ಹುಟ್ಟಿದರೆ ನಾನು ಅದನ್ನು ಗಟ್ಟಿಯಾಗಿ ವಿರೋಧಿಸುತ್ತೇನೆ.

ಮೆಸೇಜು ಮೊದಲು ಇವರ ಕೈಗೆ ಬರಲಿ. ಈ ಗುರುವಾರ ಯಾವ ಮಕ್ಕಳು, ಹೋದ ವಾರ ತಪ್ಪಿದವರು ಯಾರು, ತವರಿಗೆ ಹೋದವಳು ಈಗ ಯಾವ ಊರಿನ ಆಶಾಳ ವ್ಯಾಪ್ತಿಯಲ್ಲಿದ್ದಾಳೆ ಎಂಬುದು ಎರಡೂ ಕಡೆಯವರ ಫೋನಿನಲ್ಲಿ ಕಾಣಲಿ. ತಾಯಿ ಕಾರ್ಡಿನಲ್ಲಿ ಗಂಡನ ನಂಬರಿನ ಜೊತೆ ತವರಿನ ನಂಬರಿಗೂ ಒಂದು ಸಾಲು ಇರಲಿ. ತಾಯಿಗೆ ಹೋಗುವುದು ಅಕ್ಷರದ ಬದಲು ದನಿಯಾಗಿರಲಿ, ಸಾಧ್ಯವಾದರೆ ಆಕೆಗೆ ಗೊತ್ತಿರುವ ಸಿಸ್ಟರದೇ ದನಿ. ಒಂದು ಒತ್ತಿದರೆ ಬರ್ತೀನಿ, ಎರಡು ಒತ್ತಿದರೆ ಮುಂದಿನ ವಾರ ಎಂದು ಉತ್ತರಿಸುವ ದಾರಿಯಿರಲಿ. ಲಸಿಕೆ ಹಾಕಿದ ರಾತ್ರಿ ಜ್ವರ ಬರುವುದು ಸಹಜ, ಸಿಸ್ಟರ್ ಕೊಟ್ಟ ಔಷಧಿ ಹೇಳಿದಷ್ಟೇ ಹಾಕಿ ಎಂಬ ಮಾತು ಅದೇ ಸಂಜೆ ಅಜ್ಜಿಯ ಕಿವಿಗೂ ಬೀಳಲಿ.

ಅಂದು ಅಂಗನವಾಡಿಯಲ್ಲಿ ಪೆಟ್ಟಿಗೆ ಮುಚ್ಚುವ ಹೊತ್ತಿಗೆ ಆಶಾ ಕಾರ್ಯಕರ್ತೆ ಫೋನು ತೆಗೆದು ರೇಷ್ಮೆ ಮನೆಯ ತಾಯಿಗೆ ಕರೆ ಮಾಡಿದರು. ಲಸಿಕೆಯ ಮಾತೇ ಎತ್ತಲಿಲ್ಲ. "ಹುಳ ಹಣ್ಣಾಗಕ್ಕೆ ಇನ್ನೆಷ್ಟು ದಿನ?" ಎಂದು ಕೇಳಿದರು. ಆ ಕಡೆಯಿಂದ ಬಂದ ಉತ್ತರ ನನಗೂ ಕೇಳಿಸಿತು: "ಮಂಗಳವಾರ ಚಂದ್ರಿಕೆಗೆ ಹಾಕ್ತೀವಕ್ಕ. ಗುರುವಾರ ಎತ್ಕೊಂಡು ಬತ್ತೀನಿ, ಒಂದು ಎತ್ತಿಟ್ಟಿರಿ."