ಶಾಸಕಾಂಗದ ತನಿಖೆ: ಬಲೆಗೆ ಬಿದ್ದ ಸಂಬಂಧವಿಲ್ಲದ ಪತ್ರಗಳು

ಒಂದು ಮೀನಿಗಾಗಿ ಕೆರೆಯನ್ನೇ ಬತ್ತಿಸಿದರೆ ಕೆಸರಿನಲ್ಲಿ ಒದ್ದಾಡುವ ಜೀವಗಳು ಎಷ್ಟೋ. ಶಾಸಕಾಂಗದ ಸಮಿತಿಯೊಂದು ವ್ಯಕ್ತಿಯ ಕಾಗದಪತ್ರಗಳನ್ನು ಸಾರಾಸಗಟಾಗಿ ತರಿಸಿಕೊಂಡಾಗ ಆಗುವುದೂ ಹೆಚ್ಚುಕಡಿಮೆ ಇದೇ. ತನಿಖೆಯ ವಿಷಯ ಒಂದು, ಕೈಗೆ ಬರುವ ಬರಹಗಳು ನೂರೊಂದು. ಅವುಗಳಲ್ಲಿ ಯಾವುದು ಸಾಕ್ಷ್ಯ, ಯಾವುದು ಬರೀ ಹರಟೆ, ಯಾವುದು ಇನ್ನೊಬ್ಬರ ಖಾಸಗಿ ಬದುಕು ಎಂಬುದನ್ನು ಜರಡಿ ಹಿಡಿಯುವವರು ಯಾರು?

ಅಮೆರಿಕದಲ್ಲಿ 2025ರ ನವೆಂಬರ್ 12ರಂದು ಈ ಪ್ರಶ್ನೆ ಮತ್ತೆ ತಲೆಯೆತ್ತಿತು. ಲೈಂಗಿಕ ಅಪರಾಧಗಳ ಆರೋಪ ಹೊತ್ತು 2019ರಲ್ಲಿ ಜೈಲಿನಲ್ಲಿ ಸತ್ತ ಹಣಕಾಸು ಕುಳ ಜೆಫ್ರಿ ಎಪ್‌ಸ್ಟೀನ್‌ನ ಆಸ್ತಿಯ ಉಸ್ತುವಾರಿದಾರರಿಂದ ಅಲ್ಲಿನ ಪ್ರತಿನಿಧಿ ಸಭೆಯ ಮೇಲ್ವಿಚಾರಣಾ ಸಮಿತಿ ದಾಖಲೆಗಳನ್ನು ತರಿಸಿಕೊಂಡಿತ್ತು. ಅಂದು ಬೆಳಿಗ್ಗೆ ಸಮಿತಿಯ ಡೆಮಾಕ್ರಟಿಕ್ ಸದಸ್ಯರು ಮೂರು ಇ-ಮೇಲ್‌ಗಳನ್ನು ಬಿಡುಗಡೆ ಮಾಡಿದರು. ಕೆಲವೇ ಗಂಟೆಗಳಲ್ಲಿ ರಿಪಬ್ಲಿಕನ್ ಸದಸ್ಯರು ಸುಮಾರು 20 ಸಾವಿರ ಪುಟಗಳನ್ನೇ ಸಾರ್ವಜನಿಕರ ಮುಂದೆ ಸುರಿದರು.

ಆ ರಾಶಿಯಲ್ಲಿ ತನಿಖೆಗೆ ಬೇಕಾದದ್ದು ಇರಲಿಲ್ಲವೆಂದಲ್ಲ. ಆದರೆ ಅದರ ಜೊತೆಗೆ ಚುನಾವಣೆಯ ಲೆಕ್ಕಾಚಾರ, ವಿದೇಶಾಂಗ ನೀತಿಯ ಚರ್ಚೆ, ಪತ್ರಕರ್ತರೊಂದಿಗಿನ ಮಾತುಕತೆ, ಖಾಸಗಿ ಸಂಬಂಧಗಳ ಬಗೆಗಿನ ಸಲಹೆ-ಸೂಚನೆಗಳೂ ಹೊರಬಿದ್ದವು. ಮಾಜಿ ಖಜಾನೆ ಕಾರ್ಯದರ್ಶಿ ಲ್ಯಾರಿ ಸಮರ್ಸ್ ಅವರು ನಾಚಿಕೆ ವ್ಯಕ್ತಪಡಿಸಿ ಸಾರ್ವಜನಿಕ ಹೊಣೆಗಳಿಂದ ಹಿಂದೆ ಸರಿದರು. 2008ರಲ್ಲೇ ಶಿಕ್ಷೆಗೊಳಗಾಗಿದ್ದ ವ್ಯಕ್ತಿಯೊಂದಿಗೆ ಗಣ್ಯರು ಒಡನಾಟ ಮುಂದುವರಿಸಿದ್ದೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಸಂತ್ರಸ್ತೆಯರ ಮಾತೇನು? ಬಿಡುಗಡೆಯಾದ ಪುಟಗಳಲ್ಲಿ ಹಲವರ ಹೆಸರುಗಳನ್ನು ಮರೆಮಾಡಿಯೇ ಇಲ್ಲವೆಂದು ಅವರ ಪರ ವಕೀಲರು ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯದ ಮುಂದೆ ದೂರಿದರು. ಯಾರಿಗೆ ನ್ಯಾಯ ದೊರಕಿಸಲು ತನಿಖೆ ಹೊರಟಿತ್ತೋ ಅವರೇ ಅದರ ಬಲೆಗೆ ಸಿಕ್ಕಿದ್ದು ವಿಪರ್ಯಾಸ.

ಪ್ಯಾಕ್‌ವುಡ್ ದಿನಚರಿಯ ಪಾಠ

ಇದೇ ಅಮೆರಿಕದಲ್ಲಿ ಮೂರು ದಶಕಗಳ ಹಿಂದೆ ಇದಕ್ಕಿಂತ ಭಿನ್ನವಾದ ದಾರಿಯೊಂದನ್ನು ಹಿಡಿಯಲಾಗಿತ್ತು. ಆರೆಗಾನ್ ರಾಜ್ಯದ ಸೆನೆಟರ್ ಬಾಬ್ ಪ್ಯಾಕ್‌ವುಡ್ ಅವರ ಮೇಲೆ ಹಲವು ಮಹಿಳೆಯರು ಲೈಂಗಿಕ ಕಿರುಕುಳದ ಆರೋಪ ಹೊರಿಸಿದ್ದನ್ನು 1992ರ ನವೆಂಬರ್‌ನಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ವರದಿ ಮಾಡಿತು. ಸೆನೆಟ್‌ನ ನೀತಿ ಸಮಿತಿ ತನಿಖೆಗಿಳಿಯಿತು. ಮರುವರ್ಷದ ಅಕ್ಟೋಬರ್‌ನಲ್ಲಿ ಹೇಳಿಕೆ ನೀಡುವಾಗ ಪ್ಯಾಕ್‌ವುಡ್ ತಮ್ಮ ದಿನಚರಿಯನ್ನು ಪ್ರಸ್ತಾಪಿಸಿದರು. 1969ರಿಂದ ಧ್ವನಿಮುದ್ರಿಸಿ, ಬೆರಳಚ್ಚು ಮಾಡಿಸಿದ್ದ ಆ ದಿನಚರಿ 8 ಸಾವಿರ ಪುಟಗಳನ್ನು ಮೀರಿತ್ತು.

ಅದರಲ್ಲಿ ಏನುಂಟು, ಏನಿಲ್ಲ! ಮಸೂದೆಗಳ ಚೌಕಾಶಿ, ಸಹೋದ್ಯೋಗಿಗಳ ಬಗೆಗಿನ ಟಿಪ್ಪಣಿ, ಸಂಸಾರದ ತಾಪತ್ರಯ, ಊಟ-ಸಂಗೀತದ ವಿವರ. ಪುಟಗಳನ್ನು ತಿರುವಿಹಾಕುತ್ತಿದ್ದ ಸಮಿತಿಯ ವಕೀಲರಿಗೆ ಬೇರೊಂದು ವಿಷಯ ಕಣ್ಣಿಗೆ ಬಿತ್ತು. ವಿಚ್ಛೇದಿತ ಪತ್ನಿಗೆ ಕೊಡಬೇಕಾದ ಜೀವನಾಂಶದ ಹೊರೆ ತಗ್ಗಿಸಿಕೊಳ್ಳಲು, ಆಕೆಗೆ ಕೆಲಸ ಕೊಡಿಸುವಂತೆ ಸೆನೆಟರ್ ಲಾಬಿದಾರರನ್ನು ಕೇಳಿಕೊಂಡಿದ್ದ ಸುಳಿವು ಅದು. ಸಮಿತಿ ಇನ್ನಷ್ಟು ಪುಟಗಳಿಗೆ ಪಟ್ಟು ಹಿಡಿಯಿತು, ಪ್ಯಾಕ್‌ವುಡ್ ನಿರಾಕರಿಸಿದರು. 1993ರ ನವೆಂಬರ್ 2ರಂದು ಇಡೀ ಸೆನೆಟ್ 94-6 ಮತಗಳಿಂದ ಸಮಿತಿಯ ಬೆನ್ನಿಗೆ ನಿಂತಿತು. ನ್ಯಾಯಾಧೀಶ ಥಾಮಸ್ ಪೆನ್‌ಫೀಲ್ಡ್ ಜ್ಯಾಕ್ಸನ್ 1994ರ ಜನವರಿಯಲ್ಲಿ ಸಮಿತಿಯ ಹಕ್ಕನ್ನು ಎತ್ತಿಹಿಡಿದರೆ, ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್‌ನ ಮುಖ್ಯ ನ್ಯಾಯಮೂರ್ತಿ ರೆಂಕ್ವಿಸ್ಟ್ ತಡೆಯಾಜ್ಞೆ ನೀಡಲು ಒಪ್ಪಲಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಸಮಿತಿ ದಿನಚರಿಯನ್ನು ಬಾಚಿಕೊಳ್ಳಲಿಲ್ಲ. ವಕೀಲರು ಮತ್ತು ವೈದ್ಯರೊಂದಿಗಿನ ಮಾತುಕತೆ, ಸಂಪೂರ್ಣ ಕೌಟುಂಬಿಕವಾದ ಸಂಗತಿಗಳನ್ನು ಮುಚ್ಚಲು ಪ್ಯಾಕ್‌ವುಡ್ ಅವರಿಗೆ ಅವಕಾಶವಿತ್ತು. ಮುಚ್ಚಿದ್ದು ಸರಿಯೇ ಎಂದು ಪರಿಶೀಲಿಸಲು ಮಾಜಿ ನ್ಯಾಯಾಧೀಶ ಕೆನೆತ್ ಸ್ಟಾರ್ ಅವರನ್ನು ನೇಮಿಸಲಾಯಿತು. ಇಂಥ ಎಚ್ಚರಿಕೆ ಇದ್ದುದರಿಂದಲೇ ಸಮಿತಿಯ ಬೇಡಿಕೆ ನ್ಯಾಯಾಲಯದಲ್ಲಿ ನಿಂತಿತು.

ಆದರೆ ಖಾಸಗಿತನದ ವಾದವನ್ನೇ ಪೂರ್ತಿ ನಂಬುವವರಿಗೂ ಈ ಪ್ರಕರಣದಲ್ಲಿ ಪಾಠವಿದೆ. ಪ್ಯಾಕ್‌ವುಡ್ ತಮ್ಮ ದಿನಚರಿಯನ್ನು ತಿದ್ದಿದ್ದರೆಂಬುದು ಮುಂದೆ ಬಯಲಾಯಿತು. ಸಮಿತಿ ಅವರ ಮೇಲೆ ಎಣಿಸಿದ ಮೂರು ತಪ್ಪುಗಳಲ್ಲಿ ಕಿರುಕುಳವನ್ನು ಬಿಟ್ಟರೆ ಉಳಿದೆರಡು, ಅಂದರೆ ಸಾಕ್ಷ್ಯ ತಿದ್ದಿದ್ದು ಮತ್ತು ಪತ್ನಿಗಾಗಿ ಕೆಲಸ ಕೇಳಿದ್ದು, ಹೊರಬಂದಿದ್ದು ಈ ದಿನಚರಿಯ ದೆಸೆಯಿಂದಲೇ. 1995ರ ಸೆಪ್ಟೆಂಬರ್‌ನಲ್ಲಿ ಸಮಿತಿ ಸರ್ವಾನುಮತದಿಂದ ಉಚ್ಚಾಟನೆಗೆ ಶಿಫಾರಸು ಮಾಡಿತು. ಮರುದಿನವೇ ಅವರು ರಾಜೀನಾಮೆ ಘೋಷಿಸಿದರು. ಅಂದರೆ, ಮೇಲ್ನೋಟಕ್ಕೆ ಸಂಬಂಧವಿಲ್ಲದ ಪುಟದಲ್ಲೂ ಸತ್ಯ ಅಡಗಿರಬಹುದು. ಹೀಗಾಗಿ ಎಲ್ಲವನ್ನೂ ಮುಚ್ಚಿಡಿ ಎನ್ನುವುದು ಉತ್ತರವಲ್ಲ. ಎಲ್ಲವನ್ನೂ ಸುರಿಯಿರಿ ಎನ್ನುವುದೂ ಅಲ್ಲ.

ಬಯಲು ಮಾಡುವುದಕ್ಕಾಗಿಯೇ ಬಯಲು ಮಾಡುವ ಅಧಿಕಾರ ಶಾಸಕಾಂಗಕ್ಕಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1957ರ ವಾಟ್ಕಿನ್ಸ್ ಪ್ರಕರಣದಲ್ಲೇ ಹೇಳಿತ್ತು. ಅಧ್ಯಕ್ಷ ಟ್ರಂಪ್ ಅವರ ಹಣಕಾಸು ದಾಖಲೆಗಳ ಕುರಿತ 2020ರ ಮಜಾರ್ಸ್ ತೀರ್ಪಿನಲ್ಲಿ, ಅಧ್ಯಕ್ಷರ ಖಾಸಗಿ ದಾಖಲೆ ಕೇಳುವ ಸಮನ್ಸ್ ಶಾಸನದ ಉದ್ದೇಶಕ್ಕೆ ಅಗತ್ಯವಿರುವಷ್ಟಕ್ಕೆ ಸೀಮಿತವಾಗಿರಬೇಕು ಎಂದಿತು. ಆದರೆ ಇಪ್ಪತ್ತು ಸಾವಿರ ಪುಟ ಒಂದೇ ದಿನ ಹೊರಬಿದ್ದಾಗ ಈ ತತ್ತ್ವಗಳು ಎಲ್ಲಿದ್ದವು?

ನಮ್ಮಲ್ಲಿ ಏನಿದೆ?

ಇದು ಪರದೇಶದ ರಗಳೆ ಎಂದು ನಾವು ಸುಮ್ಮನಿರುವಂತಿಲ್ಲ. ಲೋಕಸಭೆಯ ನಿಯಮಾವಳಿಯ 270ನೇ ನಿಯಮ ಸಮಿತಿಗಳಿಗೆ ವ್ಯಕ್ತಿಗಳನ್ನು ಕರೆಸುವ, ದಾಖಲೆಗಳನ್ನು ತರಿಸುವ ಅಧಿಕಾರ ನೀಡಿದೆ. ದಾಖಲೆ ಪ್ರಸ್ತುತವೇ ಎಂಬ ಪ್ರಶ್ನೆ ಎದ್ದರೆ ಸ್ಪೀಕರ್ ತೀರ್ಮಾನವೇ ಅಂತಿಮ. ರಾಷ್ಟ್ರದ ಸುರಕ್ಷತೆ ಅಥವಾ ಹಿತಾಸಕ್ತಿಗೆ ಧಕ್ಕೆಯಾಗುತ್ತದೆ ಎಂದು ಸರ್ಕಾರ ದಾಖಲೆ ನೀಡಲು ನಿರಾಕರಿಸಬಹುದು. ಆದರೆ ಇದು ನನ್ನ ಖಾಸಗಿ ಬರಹ ಎಂದು ಪ್ರಜೆ ನಿರಾಕರಿಸಲು ಅದೇ ನಿಯಮದಲ್ಲಿ ಒಂದು ಸಾಲೂ ಇಲ್ಲ. ಸರ್ಕಾರಕ್ಕೆ ಕೊಡೆ, ಪ್ರಜೆಗೆ ಮಳೆ!

2010ರಲ್ಲಿ ಬೆಳಕಿಗೆ ಬಂದ ನೀರಾ ರಾಡಿಯಾ ಧ್ವನಿಮುದ್ರಿಕೆಗಳನ್ನು ನೆನೆಯಿರಿ. ಆದಾಯ ತೆರಿಗೆ ಇಲಾಖೆ ಕದ್ದಾಲಿಸಿದ ದೂರವಾಣಿ ಮಾತುಗಳಲ್ಲಿ ಉದ್ಯಮಿಗಳು, ರಾಜಕಾರಣಿಗಳು, ಪತ್ರಕರ್ತರು ಎಲ್ಲರೂ ಸಿಕ್ಕಿಬಿದ್ದರು. ರತನ್ ಟಾಟಾ ಖಾಸಗಿತನದ ಹಕ್ಕಿನ ಹೆಸರಿನಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಮರುವರ್ಷ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಇಬ್ಬರನ್ನೂ ಕರೆಸಿ ವಿಚಾರಿಸಿತು. ಸಾರ್ವಜನಿಕ ಹಿತಾಸಕ್ತಿ ಇದ್ದದ್ದು ನಿಜ. ಆದರೆ ಮಾತು ಸೋರಿಕೆಯಾದ ಮೇಲೆ ಜರಡಿ ಹಿಡಿಯಲು ಯಾರಿಗೂ ಅವಕಾಶ ಉಳಿದಿರಲಿಲ್ಲ.

ಆ ಹಕ್ಕಿಗೆ ಗಟ್ಟಿ ಬುನಾದಿ ಸಿಕ್ಕಿದ್ದು 2017ರ ಆಗಸ್ಟ್ 24ರಂದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಕಾನೂನಿನ ಆಧಾರ, ನ್ಯಾಯಸಮ್ಮತ ಉದ್ದೇಶ, ಅನುಪಾತ ಎಂಬ ಅಳತೆಗೋಲನ್ನೂ ನೀಡಿತು. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಕರ್ನಾಟಕ ವಿಧಾನಸಭೆ ಶಾಸಕರ ವಿರುದ್ಧ ಬರೆದ ಇಬ್ಬರು ಪತ್ರಿಕಾ ಸಂಪಾದಕರಿಗೆ ಹಕ್ಕುಚ್ಯುತಿಯ ಹೆಸರಿನಲ್ಲಿ ಒಂದು ವರ್ಷದ ಜೈಲು ಶಿಕ್ಷೆ ವಿಧಿಸಿತ್ತು. ದೂರುದಾರರು, ವಿಚಾರಣೆ ನಡೆಸುವವರು, ತೀರ್ಪು ನೀಡುವವರು ಒಂದೇ ಸದನದವರಾದರೆ ಅಧಿಕಾರಕ್ಕೆ ಎಲ್ಲೆ ಹಾಕುವವರಾರು ಎಂಬುದನ್ನು ಈ ಘಟನೆ ನೆನಪಿಸುತ್ತದೆ.

ಪರಿಹಾರ ಕಷ್ಟವೇನಲ್ಲ. ಸಮಿತಿ ಯಾವ ವಿಷಯಕ್ಕೆ, ಯಾವ ಅವಧಿಯ ದಾಖಲೆ ಬೇಕೆಂದು ಮೊದಲೇ ಬರೆದು ಹೇಳಲಿ. ಸಂಬಂಧವಿಲ್ಲದ್ದನ್ನು ಬೇರ್ಪಡಿಸಲು ಪಕ್ಷಾತೀತ ಪರಿಶೀಲಕರಿರಲಿ. ಅವರಿಗೆ ಬೇರೆ ಅಪರಾಧದ ಸುಳಿವು ಕಂಡರೆ ಅದಕ್ಕೆ ಪ್ರತ್ಯೇಕ ಅನುಮತಿ ಪಡೆಯುವ ದಾರಿಯಿರಲಿ. ಮೂರನೆಯವರ ಹೆಸರು ಪ್ರಕಟಿಸುವ ಮುನ್ನ ಅವರ ಮಾತು ಕೇಳಲಿ.

ಸಮಿತಿಗಳ ಹಲ್ಲು ಕೀಳಬೇಕೆಂದು ಯಾರೂ ಹೇಳುತ್ತಿಲ್ಲ. ಹಲ್ಲಿಲ್ಲದ ಸಮಿತಿಯಿಂದ ಲಾಭವಾಗುವುದು ಪ್ರಬಲರಿಗೇ. ಆದರೆ ತಪ್ಪಿತಸ್ಥನ ಕಪಾಟಿನಲ್ಲಿ ಅವನ ಪತ್ರಗಳಷ್ಟೇ ಇರುವುದಿಲ್ಲ. ಅವನಿಗೆ ಬರೆದವರ, ಅವನಿಂದ ನೊಂದವರ ಮಾತುಗಳೂ ಇರುತ್ತವೆ. ಕಪಾಟು ತೆರೆಯುವ ಕೈಗಳಿಗೆ ಅಷ್ಟರ ಅರಿವಿರಬೇಕು.